ಸೊನ್ನಲಿಗೆಯ ಕಥೆ ಕಟ್ಟಿದ ಧೀರ ಕವಿ ರಾಘವಾಂಕ



ಮಕರ ಸಂಕ್ರಮಣ ಬಂತೆಂದರೆ ಸೊಲ್ಲಾಪುರದಲ್ಲಿ ೭ ನಂದಿಧ್ವಜಗಳು ಹೊರಡುತ್ತವೆ. ಊರ ಸುತ್ತಲಿನ ೬೮ ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಕೆರೆಯ ಬದಿಯ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬಂದ ಭಕ್ತರು ಗುಡಿಯ ಅಂಗಳದಲ್ಲಿ ಕಿಕ್ಕಿರಿದು ನಿಲ್ಲುತ್ತಾರೆ. ಆ ದಿನಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವ ಕಥೆಯೂ ಒಂದೇ. ಹೊಲದಲ್ಲಿದ್ದ ಮುಗ್ಧ ಹುಡುಗನೊಬ್ಬನ ಮುಂದೆ ಮಲ್ಲಯ್ಯ ಜಂಗಮನಾಗಿ ಬಂದ, ಹಸಿವೆಂದು ಉಣ್ಣಲು ಬೇಡಿದ, ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಮಾಯವಾದ. ಹುಡುಗ ಅಳುತ್ತ ಅಳುತ್ತ ಶ್ರೀಶೈಲದವರೆಗೆ ಹೋದ.

ಈ ಕಥೆಯನ್ನು ಪೂರ್ಣ ಪ್ರಮಾಣದ ಕಾವ್ಯವಾಗಿ ಕಟ್ಟಿ ಕನ್ನಡ ನಾಡಿಗೆ ಕೊಟ್ಟವನು ರಾಘವಾಂಕ ಮಹಾಕವಿ. ಅವನು ನಮ್ಮ ಕಡೆಯವನಲ್ಲ, ಹಂಪೆಯವನು. ಆದರೂ ಅವನ ಋಣ ನಮ್ಮ ಸೊನ್ನಲಿಗೆಯ ಮೇಲಿದೆ. ಅವನ ಬಾಳೇ ಒಂದು ಸಾಹಸದ ಬಾಳು. ಕಥೆಯನ್ನು ಹೀಗೆಯೇ ಹೇಳಬೇಕು, ಇಂಥವರದೇ ಹೇಳಬೇಕು, ಇಂಥ ಮಾತಿನಲ್ಲಿಯೇ ಹೇಳಬೇಕು ಎಂಬ ಕಟ್ಟಳೆಗಳನ್ನು ಅವನು ಒಂದೊಂದಾಗಿ ದಾಟಿದನು. ಅದಕ್ಕಾಗಿ ತನ್ನ ಗುರುವಿನಿಂದಲೇ ಪೆಟ್ಟು ತಿಂದನೆಂದು ಪರಂಪರೆ ಹೇಳುತ್ತದೆ. ಈ ಸಂಚಿಕೆಯಲ್ಲಿ ಅವನ ಚರಿತ್ರೆಯನ್ನು ನಮಗೆ ತಿಳಿದಷ್ಟು ನಿರೂಪಿಸುತ್ತೇವೆ.

ಗುರುವಿನ ಮನೆ

ರಾಘವಾಂಕನ ಕಾಲ ಹದಿಮೂರನೆಯ ಶತಮಾನದ ಆರಂಭವೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಬಸವಾದಿ ಶರಣರು ಕಲ್ಯಾಣದಲ್ಲಿ ಅನುಭಾವದ ಬೆಳಕು ಹರಿಸಿ ಕೆಲವೇ ತಲೆಮಾರು ಕಳೆದಿದ್ದ ಕಾಲವದು. ತಂದೆ ಮಹಾದೇವ ಭಟ್ಟ, ತಾಯಿ ರುದ್ರಾಣಿ. ಈ ರುದ್ರಾಣಿಯು ಹರಿಹರ ಮಹಾಕವಿಯ ಸಹೋದರಿ. ಹೀಗಾಗಿ ಹರಿಹರನು ರಾಘವಾಂಕನಿಗೆ ಸೋದರಮಾವನೂ ಹೌದು, ಗುರುವೂ ಹೌದು. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ, ಮಾವನ ಕಣ್ಣೆದುರಿನಲ್ಲಿಯೇ ಹುಡುಗನ ವಿದ್ಯಾಭ್ಯಾಸ ನಡೆಯಿತು.

ಆ ಮಾವನೇನು ಸಾಮಾನ್ಯನಲ್ಲ. ಹೊಯ್ಸಳರ ರಾಜಧಾನಿಯಲ್ಲಿ ಕರಣಿಕನಾಗಿ ಲೆಕ್ಕಪತ್ರ ಬರೆಯುತ್ತಿದ್ದು, ಆ ಊಳಿಗ ಒಲ್ಲೆನೆಂದು ಬಿಟ್ಟು ಹಂಪೆಗೆ ಬಂದವನೆಂದು ಪ್ರತೀತಿ. ಅಂದಿನ ಕನ್ನಡ ಕಾವ್ಯವೆಂದರೆ ಬಹುಮಟ್ಟಿಗೆ ಚಂಪೂ ಕಾವ್ಯ. ಗದ್ಯ ಪದ್ಯ ಬೆರೆತ, ಸಂಸ್ಕೃತ ಪದಗಳು ದಟ್ಟವಾಗಿ ತುಂಬಿದ, ಪಂಡಿತರ ಸಭೆಗೆ ತಕ್ಕ ಬರವಣಿಗೆ ಅದು. ಕವಿ ಅರಸನ ಆಶ್ರಯದಲ್ಲಿರುತ್ತಿದ್ದನು, ಕಥೆಯ ನಾಯಕನಲ್ಲಿ ತನ್ನ ಅರಸನನ್ನೇ ಕಾಣಿಸುತ್ತಿದ್ದನು. ಆದಿಕವಿ ಪಂಪನು ೯೪೧ರ ಸುಮಾರಿಗೆ ಬರೆದ ಭಾರತದಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನೇ ಅರ್ಜುನನೊಡನೆ ಒಂದಾಗಿಸಿದ್ದನ್ನು ಓದಿದವರು ಬಲ್ಲರು.

ಹರಿಹರನು ಗಿರಿಜಾ ಕಲ್ಯಾಣವನ್ನು ಚಂಪುವಿನಲ್ಲಿಯೇ ಬರೆದು, ಆ ವಿದ್ಯೆ ತನಗೆ ಬರುತ್ತದೆಂದು ತೋರಿಸಿದನು. ಬಳಿಕ ಅದನ್ನು ಬಿಟ್ಟು ರಗಳೆಯನ್ನು ಹಿಡಿದನು. ಸಾಲಿನ ಮೇಲೆ ಸಾಲು ಓಡುವ, ಹಾಡಿದರೆ ಹಾಡಾಗುವ, ಓದಿದರೆ ಓದಾಗುವ ಸರಳ ಛಂದಸ್ಸು ಅದು. ಆ ರಗಳೆಗಳಲ್ಲಿ ಕುಂಬಾರ ಗುಂಡಯ್ಯ ಬಂದನು, ಮಾದಾರ ಚೆನ್ನಯ್ಯ ಬಂದನು, ಮಹಾದೇವಿಯಕ್ಕ ಬಂದಳು, ಬಸವಣ್ಣನವರು ಬಂದರು. ಗಡಿಗೆ ಮಾಡುವವನನ್ನೂ ಕೆರ ಹೊಲಿಯುವವನನ್ನೂ ಕಾವ್ಯದ ನಾಯಕರನ್ನಾಗಿ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದರ ಜೊತೆಗೆ ಹರಿಹರನು ಒಂದು ಕಟ್ಟುನಿಟ್ಟನ್ನೂ ಇಟ್ಟುಕೊಂಡನು. ಶಿವನನ್ನೂ ಶಿವಶರಣರನ್ನೂ ಬಿಟ್ಟು ಹುಟ್ಟಿ ಸಾಯುವ ಮನುಷ್ಯರನ್ನು ಹೊಗಳಿ ನಾಲಗೆಯನ್ನು ಮಾರಿಕೊಳ್ಳಬಾರದು ಎಂಬುದು ಆ ವ್ರತ.

ಇಂಥ ಗುರುವಿನ ಮನೆಯಲ್ಲಿ ಬೆಳೆದ ಶಿಷ್ಯನಿಗೆ ಎರಡು ಹಾದಿಗಳಿದ್ದವು. ಗುರು ತೋರಿದ ರಗಳೆಯಲ್ಲಿಯೇ ಇನ್ನಷ್ಟು ಶರಣರ ಕಥೆ ಬರೆದು ಒಳ್ಳೆಯ ಶಿಷ್ಯನೆನಿಸಿಕೊಳ್ಳುವುದು ಒಂದು. ಗುರು ತನ್ನ ಕಾಲದಲ್ಲಿ ಮಾಡಿದ್ದನ್ನು ತಾನು ತನ್ನ ಕಾಲದಲ್ಲಿ ಮಾಡುವುದು, ಅಂದರೆ ಹೊಸ ಹಾದಿ ತೆಗೆಯುವುದು ಇನ್ನೊಂದು. ರಾಘವಾಂಕನು ಎರಡನೆಯದನ್ನು ಆರಿಸಿಕೊಂಡನು.

ಆರು ಸಾಲಿನ ಹೊಸ ಬಂಡಿ

ಅವನ ಮೊದಲ ಸಾಹಸ ಷಟ್ಪದಿ. ಷಟ್ಪದಿ ಎಂಬ ಪದ್ಯಜಾತಿ ಕನ್ನಡಕ್ಕೆ ಹೊಸದೇನಲ್ಲ, ಹಿಂದಿನ ಛಂದಶ್ಶಾಸ್ತ್ರದಲ್ಲಿಯೂ ಅದರ ಹೆಸರಿದೆ. ಆದರೆ ಅಲ್ಲೊಂದು ಇಲ್ಲೊಂದು ಕಾಣಿಸುತ್ತಿದ್ದ ಆ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ಮಹಾಕಾವ್ಯವನ್ನೇ ಹೊರಿಸಬಹುದೆಂದು ತೋರಿಸಿದವನು ರಾಘವಾಂಕ.

ಅದರ ಕಟ್ಟು ಹೀಗಿದೆ. ಒಂದು ಪದ್ಯಕ್ಕೆ ೬ ಸಾಲು. ಅವನು ಹೆಚ್ಚಾಗಿ ಬಳಸಿದ ವಾರ್ಧಕ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ೨೦ ಮಾತ್ರೆಗಳು. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ೩೨ ಮಾತ್ರೆಗಳು. ಎರಡು ಸಾಲು ಸಮನಾಗಿ ನಡೆದು ಮೂರನೆಯದು ಉದ್ದವಾಗಿ ಹರಿಯುತ್ತದೆ, ಮತ್ತೆ ಎರಡು ಸಮನಾಗಿ ನಡೆದು ಆರನೆಯದು ಉದ್ದವಾಗಿ ಹರಿದು ನಿಲ್ಲುತ್ತದೆ. ಈ ನಡಿಗೆಯಲ್ಲಿ ಒಂದು ಅನುಕೂಲವಿದೆ. ಇಬ್ಬರು ಎದುರುಬದುರು ನಿಂತು ವಾದಿಸುವಾಗ ಒಬ್ಬನ ಪ್ರಶ್ನೆ, ಇನ್ನೊಬ್ಬನ ಉತ್ತರ, ಮತ್ತೆ ಮರುಪ್ರಶ್ನೆ ಎಲ್ಲವೂ ಒಂದೇ ಪದ್ಯದಲ್ಲಿ ಹಿಡಿಯುತ್ತವೆ. ಸಿಟ್ಟು ಬಂದವನ ಮಾತು ಗಿಡ್ಡ ಸಾಲಿನಲ್ಲಿ ತುಂಡು ತುಂಡಾಗಿ ಬೀಳಬಹುದು. ಅಳುವವಳ ಮಾತು ಉದ್ದ ಸಾಲಿನಲ್ಲಿ ಎಳೆದುಕೊಂಡು ಹೋಗಬಹುದು. ಹೀಗಾಗಿ ರಾಘವಾಂಕನ ಕಾವ್ಯವನ್ನು ಕೇಳುವಾಗ ಬಯಲಾಟ ನೋಡಿದಂತೆ ಆಗುತ್ತದೆ. ಕವಿ ವರ್ಣಿಸುತ್ತ ನಿಲ್ಲುವುದಿಲ್ಲ, ಪಾತ್ರಗಳೇ ಮುಂದೆ ಬಂದು ಮಾತನಾಡುತ್ತವೆ.

ಸತ್ಯವಂತ ಅರಸನ ಕಥೆ

ಎರಡನೆಯ ಸಾಹಸ ಇನ್ನೂ ದೊಡ್ಡದು. ಅದುವೇ ಹರಿಶ್ಚಂದ್ರ ಕಾವ್ಯ. ಹರಿಶ್ಚಂದ್ರನ ಹೆಸರು ವೇದಕಾಲದಿಂದಲೂ ಇದೆ. ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರನು ಸತ್ಯಕ್ಕೆ ಹೆಸರಾದವನೇ ಅಲ್ಲ, ಮಗನನ್ನು ಬಲಿ ಕೊಡುವೆನೆಂದು ವರುಣನಿಗೆ ಮಾತು ಕೊಟ್ಟು ದಿನ ದೂಡುವವನು. ಮಾರ್ಕಂಡೇಯ ಪುರಾಣದಲ್ಲಿ ಅವನು ರಾಜ್ಯ ಕೊಟ್ಟು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾಯುವ ಕಥೆ ಬರುತ್ತದೆ. ರಾಘವಾಂಕನು ಈ ಹಳೆಯ ಕಥೆಯನ್ನು ಎತ್ತಿಕೊಂಡು, ಇದ್ದುದನ್ನು ಇದ್ದಂತೆ ಒಪ್ಪಿಸದೆ, ಹೊಸದಾಗಿ ಕಟ್ಟಿದನು.

ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ಜಿದ್ದು ಬೀಳುತ್ತದೆ. ಹರಿಶ್ಚಂದ್ರ ಸುಳ್ಳಾಡನೆಂದು ಒಬ್ಬರು, ಆಡಿಸುವೆನೆಂದು ಇನ್ನೊಬ್ಬರು. ದೊಡ್ಡವರಿಬ್ಬರ ಹಟಕ್ಕೆ ಒಂದು ಸಂಸಾರ ಬೀದಿಗೆ ಬೀಳುತ್ತದೆ. ವಿಶ್ವಾಮಿತ್ರನು ಹುಟ್ಟಿಸಿ ಕಳಿಸಿದ ಇಬ್ಬರು ಹಾಡುವ ಹುಡುಗಿಯರು ಅರಸನ ಮುಂದೆ ಬರುತ್ತಾರೆ. ಅವರು ಹೊಲೆಯರೆಂದು ಜನ ದೂರ ಇಟ್ಟ ಕುಲದವರು. ಹಾಡಿಗೆ ಮೆಚ್ಚಿದ ಅರಸ ಉಡುಗೊರೆ ಕೊಡಹೋದರೆ ಅವರು ರಾಜಚಿಹ್ನೆಯಾದ ಬೆಳ್ಗೊಡೆಯನ್ನು ಕೇಳುತ್ತಾರೆ. ಅದಾಗದೆಂದರೆ ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಕುಲದ ಮಾತು ತೆಗೆದು ಅರಸ ಒಲ್ಲೆನೆನ್ನುತ್ತಾನೆ.

ಆಗ ಆ ಹುಡುಗಿಯರು ಹೂಡುವ ವಾದ ಕನ್ನಡ ಸಾಹಿತ್ಯದಲ್ಲಿಯೇ ಅಪರೂಪದ್ದು. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ನಮ್ಮ ರೂಪ ನೋಡಿದ ಕಣ್ಣಿಗೆ ಮೈಲಿಗೆಯಿಲ್ಲ, ನಮ್ಮೊಡನೆ ಮಾತನಾಡಿದ ಬಾಯಿಗೂ ಇಲ್ಲ, ನಮ್ಮ ಮೈಯ ಕಂಪು ಹೀರಿದ ಮೂಗಿಗೂ ಇಲ್ಲ. ಪಂಚೇಂದ್ರಿಯಗಳಲ್ಲಿ ಮುಟ್ಟುವ ಕೈಯೊಂದಕ್ಕೆ ಮಾತ್ರ ಮೈಲಿಗೆ ಎಲ್ಲಿಂದ ಬಂತು ಎಂಬುದು ಆ ವಾದದ ತಾತ್ಪರ್ಯ. ಅರಸನಿಗೆ ತಕ್ಕ ಉತ್ತರ ಹೊಳೆಯುವುದಿಲ್ಲ. ಸಿಟ್ಟಿಗೆದ್ದು ಅವರನ್ನು ಹೊಡೆದಟ್ಟುತ್ತಾನೆ. ಅಲ್ಲಿಂದಲೇ ಅವನ ಕಷ್ಟದ ದಿನಗಳು ತೊಡಗುತ್ತವೆ.

ಈ ಪ್ರಸಂಗ ಮಾರ್ಕಂಡೇಯ ಪುರಾಣದಲ್ಲಿಲ್ಲ. ತಾನು ಮೆಚ್ಚಿ ಬರೆಯುತ್ತಿರುವ ನಾಯಕನನ್ನೇ ಸೋಲಿಸುವಂಥ ಮಾತನ್ನು, ಲೋಕ ಕೀಳೆಂದ ಹೆಣ್ಣುಮಕ್ಕಳ ಬಾಯಲ್ಲಿ ಇಡುವುದಕ್ಕೆ ಎಂಥ ಎದೆ ಬೇಕು! ಕಲ್ಯಾಣದಲ್ಲಿ ಶರಣರು ಕೇಳಿದ ಪ್ರಶ್ನೆಯ ಮಾರ್ದನಿ ಇಲ್ಲಿ ಕೇಳಿಸುತ್ತದೆಂದು ನಾವು ತಿಳಿಯುತ್ತೇವೆ.

ಮುಂದೆ ಸಾಲ ವಸೂಲಿಗೆಂದು ವಿಶ್ವಾಮಿತ್ರನ ಕಡೆಯವನೊಬ್ಬ ಬೆನ್ನು ಹತ್ತುತ್ತಾನೆ. ಅವನೇ ನಕ್ಷತ್ರಿಕ. ಕಾಡಿನಲ್ಲಿ ಬಿಸಿಲಿನಲ್ಲಿ ಮಗುವನ್ನೆತ್ತಿಕೊಂಡು ನಡೆಯುವ ಗಂಡ ಹೆಂಡಿರನ್ನು ಅವನು ಕಾಡುವ ಪರಿಯನ್ನು ಕವಿ ಎಷ್ಟು ಕಣ್ಣಿಗೆ ಕಟ್ಟುವಂತೆ ಹೇಳಿದ್ದಾನೆಂದರೆ, ಬಿಡದೆ ಪೀಡಿಸುವವನಿಗೆ ನಕ್ಷತ್ರಿಕನೆಂಬ ಹೆಸರು ಇಂದಿಗೂ ಕನ್ನಡದ ಆಡುಮಾತಿನಲ್ಲಿದೆ. ಲೇವಾದೇವಿ ಬಲ್ಲ ನಮ್ಮ ವ್ಯಾಪಾರಿ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಶಿಯ ಪೇಟೆಯಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಮಾರಾಟವಾಗುತ್ತಾರೆ. ಅರಸ ಸುಡುಗಾಡು ಕಾಯುವ ವೀರಬಾಹುಕನ ಆಳಾಗುತ್ತಾನೆ. ಹುಡುಗಿಯರನ್ನು ಕುಲದ ನೆಪದಿಂದ ಅಟ್ಟಿದ ಅರಸ ಕೊನೆಗೆ ಅದೇ ಕುಲದವನ ಮನೆಯಲ್ಲಿ ದುಡಿಯಬೇಕಾಯಿತು ಎಂಬುದನ್ನು ಓದುಗರು ಗಮನಿಸಬೇಕು. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಂದ ಹೆಂಡತಿಯ ಹತ್ತಿರವೂ ಅವನು ಸುಡುಗಾಡಿನ ತೆರಿಗೆ ಕೇಳುತ್ತಾನೆ. ಆದರೂ ಸುಳ್ಳಾಡುವುದಿಲ್ಲ. ಕಡೆಗೆ ಕಾಶಿಯ ವಿಶ್ವನಾಥನೇ ಪ್ರತ್ಯಕ್ಷನಾಗುತ್ತಾನೆ.

ಉದುರಿದ ಹಲ್ಲುಗಳು

ಈ ಕಾವ್ಯವನ್ನು ರಾಘವಾಂಕನು ಅರಸನ ಸಭೆಯಲ್ಲಿ ಓದಿ ಮನ್ನಣೆ ಪಡೆದನಂತೆ. ಸಂತೋಷದಿಂದ ಗುರುವಿನ ಬಳಿಗೆ ಬಂದಾಗ ನಡೆದದ್ದೇ ಬೇರೆ. ಶಿವಶರಣರನ್ನು ಬಿಟ್ಟು ಸೂರ್ಯವಂಶದ ಒಬ್ಬ ಅರಸನನ್ನು ಹಾಡಿದೆಯಾ ಎಂದು ಹರಿಹರನು ಕೆರಳಿ ಹೊಡೆದನೆಂದೂ, ಆ ಪೆಟ್ಟಿಗೆ ಶಿಷ್ಯನ ೫ ಹಲ್ಲುಗಳು ಉದುರಿದವೆಂದೂ ಕಥೆಯಿದೆ. ಪಶ್ಚಾತ್ತಾಪಪಟ್ಟ ಶಿಷ್ಯನು ಗುರುವಿನ ಅಪ್ಪಣೆಯಂತೆ ಶಿವಪರವಾದ ೫ ಕಾವ್ಯಗಳನ್ನು ಬರೆದನಂತೆ, ಒಂದೊಂದು ಕಾವ್ಯ ಮುಗಿದಂತೆ ಒಂದೊಂದು ಹಲ್ಲು ಮರಳಿ ಬಂದಿತಂತೆ. ಸೋಮನಾಥ ಚರಿತೆ, ಸಿದ್ಧರಾಮ ಚಾರಿತ್ರ, ವೀರೇಶ ಚರಿತೆ, ಶರಭ ಚಾರಿತ್ರ, ಹರಿಹರ ಮಹತ್ವ ಎಂಬಿವೇ ಆ ಐದು. ಇವುಗಳಲ್ಲಿ ಕೊನೆಯ ಎರಡು ಇಂದು ದೊರೆತಿಲ್ಲ.

ಹಲ್ಲು ಉದುರಿ ಮರಳಿ ಬಂದ ಕಥೆಯನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಆದರೆ ಜನ ಇಂಥ ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ ಎಂದರೆ ಅದರಲ್ಲಿ ವಿಚಾರಿಸಬೇಕಾದ ಸಂಗತಿಯಿದೆ. ಇಲ್ಲಿ ಯಾರದು ಸರಿ, ಯಾರದು ತಪ್ಪು?

ಗುರುವಿನ ಭಯಕ್ಕೆ ಆಧಾರವಿತ್ತು. ಕವಿಗಳು ಅರಮನೆಯ ಅನ್ನ ಉಂಡು ಅರಸರನ್ನು ಹೊಗಳುವ ಚಾಳಿಯನ್ನು ಬಿಡಿಸಲು ಅವನು ತನ್ನ ಬಾಳನ್ನೇ ಸವೆಸಿದ್ದನು. ತನ್ನ ಮನೆಯ ಹುಡುಗನೇ ಅರಸನ ಕಥೆ ಬರೆದು ಅರಸನ ಸಭೆಯಲ್ಲಿ ಓದಿದನೆಂದರೆ, ತೆಗೆದ ಹಾದಿ ಮತ್ತೆ ಮುಚ್ಚಿಹೋದೀತೆಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಶಿಷ್ಯನ ಲೆಕ್ಕ ಬೇರೆಯಿತ್ತು. ಅವನ ಕಾವ್ಯದಲ್ಲಿ ಸತ್ಯ ಬೇರೆಯಲ್ಲ, ಶಿವ ಬೇರೆಯಲ್ಲ. ಹಾಗಿದ್ದ ಮೇಲೆ ಸತ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡವನ ಕಥೆ ಹೇಳುವುದು ಶಿವಸ್ತುತಿಯೇ ಆಯಿತು. ರಾಜ್ಯವಿದ್ದಾಗಿನ ಹರಿಶ್ಚಂದ್ರನನ್ನು ಅವನು ಹೊಗಳಲಿಲ್ಲ, ಎಲ್ಲವನ್ನೂ ಕಳೆದುಕೊಂಡು ಹೆಣ ಸುಡುವಾಗಿನ ಹರಿಶ್ಚಂದ್ರನನ್ನು ಎತ್ತಿ ಹಿಡಿದನು. ಕುಂಬಾರನಲ್ಲಿ, ಮಾದಾರನಲ್ಲಿ ಶಿವನನ್ನು ಕಂಡ ಗುರುವಿನ ಪಾಠವನ್ನೇ ಶಿಷ್ಯನು ಸುಡುಗಾಡಿನವರೆಗೆ ಒಯ್ದನು. ಗುರುವಿನ ಮಾತಿಗೆ ತಪ್ಪಿದಂತೆ ಕಂಡರೂ ಗುರುವಿನ ಉದ್ದೇಶಕ್ಕೆ ಅವನು ತಪ್ಪಲಿಲ್ಲ.

ಇನ್ನೊಂದು ಮಾತು. ಪೆಟ್ಟು ತಿಂದವನು ಮುನಿಸಿಕೊಂಡು ಗುರುವಿನ ಮನೆ ಬಿಡಲಿಲ್ಲ. ಹರಿಶ್ಚಂದ್ರ ಕಾವ್ಯವನ್ನು ಹರಿದೊಗೆಯಲೂ ಇಲ್ಲ, ಅದು ಇಂದಿಗೂ ನಮ್ಮ ಕೈಯಲ್ಲಿದೆ. ಗುರು ಹೇಳಿದ ವಸ್ತುವನ್ನು ಮುಂದೆ ತಲೆಬಾಗಿ ಎತ್ತಿಕೊಂಡನು, ಆದರೆ ಅದನ್ನೂ ತನ್ನ ಷಟ್ಪದಿಯಲ್ಲಿಯೇ, ತನ್ನ ರೀತಿಯಲ್ಲಿಯೇ ಹೇಳಿದನು. ವಿನಯವೂ ಇರಬೇಕು, ಎದೆಗಾರಿಕೆಯೂ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ವ್ಯಾಪಾರಿಯ ಕಥೆ, ಹೊಲದ ಹುಡುಗನ ಕಥೆ

ಸೋಮನಾಥ ಚರಿತೆಯ ನಾಯಕ ಆದಯ್ಯ. ಅವನು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದ ಶರಣ. ತನ್ನ ಊರಿನ ಸೋಮನಾಥನನ್ನು ಪುಲಿಗೆರೆಗೆ ತಂದು ನೆಲೆಗೊಳಿಸಿದ ಕಥೆ ಅದು. ದೂರದ ಊರಿನಿಂದ ಸರಕು ಹೊತ್ತು ಬಂದು ಇನ್ನೊಂದು ಸೀಮೆಯಲ್ಲಿ ಬಾಳು ಕಟ್ಟಿದವನನ್ನು ಕಾವ್ಯದ ನಾಯಕನನ್ನಾಗಿಸಿದ್ದು ವ್ಯಾಪಾರಿ ಬಂಧುಗಳಿಗೆ ಹೆಮ್ಮೆಯ ಸಂಗತಿ.

ಇನ್ನು ನಮ್ಮ ಸೊನ್ನಲಿಗೆಯ ಸಿದ್ಧರಾಮ ಚಾರಿತ್ರಕ್ಕೆ ಬರೋಣ. ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದವರು. ರಾಘವಾಂಕನಿಗೆ ಅವರು ತೀರ ಹತ್ತಿರದ ಕಾಲದವರು. ಅವರು ಕಟ್ಟಿಸಿದ ಗುಡಿ, ತೋಡಿಸಿದ ಕೆರೆ ಜನರ ಕಣ್ಣ ಮುಂದೆಯೇ ಇದ್ದವು. ಸಾವಿರ ವರ್ಷದ ಹಿಂದಿನವರ ಮೇಲೆ ಕಾವ್ಯ ಬರೆಯುವುದು ಸುಲಭ, ಕೇಳುವವರು ಯಾರೂ ಇರುವುದಿಲ್ಲ. ಅಜ್ಜನ ಕಾಲದಲ್ಲಿ ಇದ್ದವರ ಕಥೆ ಬರೆದರೆ ಪ್ರತಿಯೊಬ್ಬನೂ ತಪ್ಪು ಹಿಡಿಯುತ್ತಾನೆ. ಆ ಗಂಡಾಂತರವನ್ನು ಕವಿ ಮೈಮೇಲೆ ಎಳೆದುಕೊಂಡನು.

ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ಮಗ ಮಾತಿಲ್ಲದವ, ಪೆದ್ದನೆಂದು ಊರವರ ಎಣಿಕೆ. ಅಂದಿನ ಕಾವ್ಯಪದ್ಧತಿಯಂತೆ ನಾಯಕನೆಂದರೆ ಶೂರನಿರಬೇಕು, ಮಾತುಗಾರನಿರಬೇಕು, ಕಾವ್ಯದಲ್ಲಿ ಯುದ್ಧವೋ ಮದುವೆಯೋ ಇರಬೇಕು. ಇಲ್ಲಿ ನಾಯಕ ದನಕರುಗಳ ನಡುವಿನ ಒಬ್ಬ ಮೌನಿ ಹುಡುಗ. ಕಥೆ ನಡೆಯುವುದು ಹೊಲದಲ್ಲಿ. ಅಲ್ಲಿಗೆ ಬಂದ ಮಲ್ಲಯ್ಯ ಕೇಳುವುದು ಹೊಲದಲ್ಲಿ ಬೆಳೆದ ಎಳೆಯ ಕಾಳು, ಆಮೇಲೆ ಮನೆಯ ಊಟ. ನಮ್ಮ ಕಡೆ ಸುಗ್ಗಿಯ ಮುಂಚೆ ಹೊಲಕ್ಕೆ ಬಂದವರಿಗೆ ಬಿಳಿಜೋಳದ ತೆನೆ ಸುಟ್ಟು ಸೀತನಿ ತಿನ್ನಿಸುವ ರೂಢಿ ಇದೆಯಲ್ಲ, ದೇವರಿಗೂ ಅದೇ ಆದರ. ಹುಡುಗನಿಗೆ ಬಂದವನು ದೇವರೆಂದು ಗೊತ್ತಿಲ್ಲ. ಹಸಿದವನಿಗೆ ಉಣ್ಣಲು ಕೊಡಬೇಕೆಂದು ಮಾತ್ರ ಗೊತ್ತು. ಅದಕ್ಕಾಗಿಯೇ ಓಡುತ್ತಾನೆ.

ಮರಳಿ ಬಂದಾಗ ಹೊಲ ಬರಿದು. ಆಮೇಲೆ ಬರುವುದು ಅಳು. ಮಲ್ಲಯ್ಯಾ ಎಂದು ಕೂಗುತ್ತ ಹೊಲಗದ್ದೆಗಳಲ್ಲಿ ಅಲೆದು, ಶ್ರೀಶೈಲಕ್ಕೆ ಹೊರಟ ಯಾತ್ರಿಕರನ್ನು ಕೂಡಿಕೊಂಡು ಹುಡುಗ ನಡೆಯುತ್ತಾನೆ. ಶ್ರೀಶೈಲದಲ್ಲಿ ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಅವನು ಒಪ್ಪುವುದಿಲ್ಲ. ತನ್ನ ಹೊಲಕ್ಕೆ ಬಂದು ಮಾತನಾಡಿದವನೇ ಬೇಕು. ಬೆಟ್ಟದಲ್ಲೆಲ್ಲ ಹುಡುಕಿ ಕಾಣದೆ ಕೊನೆಗೆ ಆಳವಾದ ಕಮರಿಗೆ ಹಾರಹೊರಟಾಗ ಮಲ್ಲಯ್ಯ ಪ್ರತ್ಯಕ್ಷನಾಗಿ ಕೈ ಹಿಡಿಯುತ್ತಾನೆ. ಅಲ್ಲಿಂದ ಮರಳಿ ಬಂದು ಸಿದ್ಧರಾಮರು ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡುತ್ತಾರೆ.

ಈ ಭಾಗದಲ್ಲಿ ಕವಿ ಪಾಂಡಿತ್ಯವನ್ನು ಬದಿಗಿಟ್ಟು ಮಗುವಿನ ಅಳುವನ್ನೇ ಕಾವ್ಯ ಮಾಡಿದ್ದಾನೆ. ಪಂಡಿತರು ನಗಬಹುದಿತ್ತು. ಮಹಾಕಾವ್ಯದಲ್ಲಿ ಬುತ್ತಿಯ ಮಾತೇನು, ಮಗುವಿನ ಹಟದ ಮಾತೇನು ಎನ್ನಬಹುದಿತ್ತು. ಆದರೆ ಓದಿದವರ ಮನಸ್ಸಿನಲ್ಲಿ ಉಳಿದದ್ದು ಅದೇ. ರಾಘವಾಂಕನು ಸಿದ್ಧರಾಮರನ್ನು ಬರೀ ಪವಾಡ ಮಾಡಿದ ಮಹಾಪುರುಷರನ್ನಾಗಿ ತೋರಿಸಿದ್ದರೆ ನಾವು ಕೈ ಮುಗಿದು ದೂರ ನಿಲ್ಲುತ್ತಿದ್ದೆವು. ಬುತ್ತಿ ಹಿಡಿದು ಅಳುವ ಹುಡುಗನನ್ನು ತೋರಿಸಿದ್ದರಿಂದ ಮನೆಮಗನೆಂದು ಎದೆಗಪ್ಪಿಕೊಂಡೆವು.

ಕೊನೆಯ ದಿನಗಳು, ಬೆಳೆದ ಪೀಳಿಗೆ

ಗುರುವಿನ ಆಶೀರ್ವಾದ ಪಡೆದು ರಾಘವಾಂಕನು ಓರುಗಲ್ಲಿನ ಕಾಕತೀಯ ಅರಸರ ಸಭೆಗೆ ಹೋಗಿ ಅಲ್ಲಿಯ ವಿದ್ವಾಂಸರ ಮುಂದೆ ಗೆದ್ದುಬಂದನೆಂದು ಪರಂಪರೆ. ಕವಿಶರಭಭೇರುಂಡನೆಂಬ ಬಿರುದೂ ಅವನಿಗಿದೆ. ವೀರೇಶ ಚರಿತೆಯಲ್ಲಿ ಅವನು ಉದ್ದಂಡ ಷಟ್ಪದಿ ಎಂಬ ಬೇರೆ ನಡಿಗೆಯನ್ನೇ ಪ್ರಯೋಗಿಸಿದನು. ಒಮ್ಮೆ ಮೆಚ್ಚುಗೆ ಬಂದದ್ದನ್ನೇ ಮತ್ತೆ ಮತ್ತೆ ಮಾಡುತ್ತ ಕೂಡ್ರುವ ಸ್ವಭಾವ ಅವನದಾಗಿರಲಿಲ್ಲ. ಕೊನೆಯ ಕಾಲವನ್ನು ಬೇಲೂರಿನಲ್ಲಿ ಕಳೆದು ಅಲ್ಲಿಯೇ ಲಿಂಗೈಕ್ಯನಾದನೆಂದು ಹೇಳುತ್ತಾರೆ.

ಅವನು ತೆಗೆದ ಹಾದಿ ಮುಂದೆ ಹೆದ್ದಾರಿಯಾಯಿತು. ೧೩೬೯ರಲ್ಲಿ ಭೀಮಕವಿ ಬಸವ ಪುರಾಣವನ್ನು ಷಟ್ಪದಿಯಲ್ಲಿ ಬರೆದನು. ಕುಮಾರವ್ಯಾಸನ ಭಾರತ, ಚಾಮರಸನ ಪ್ರಭುಲಿಂಗಲೀಲೆ, ೧೫೮೪ರಲ್ಲಿ ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ, ಲಕ್ಷ್ಮೀಶನ ಜೈಮಿನಿ ಭಾರತ ಎಲ್ಲವೂ ಷಟ್ಪದಿಗಳೇ. ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ಪುರಾಣ ಹಚ್ಚಿದಾಗ ಶಾಸ್ತ್ರಿಗಳು ರಾಗವಾಗಿ ಓದಿ ಅರ್ಥ ಹೇಳುವ ಪದ್ಯಗಳ ಹಿಂದೆ ಹಂಪೆಯ ಈ ಕವಿಯ ದುಡಿಮೆಯಿದೆ. ಒಂದು ಕಾಲಕ್ಕೆ ಎದೆಗಾರಿಕೆ ಎನಿಸಿದ್ದು ಇನ್ನೊಂದು ಕಾಲಕ್ಕೆ ಸಂಪ್ರದಾಯ ಎನಿಸಿತು.

ಹರಿಶ್ಚಂದ್ರನ ಕಥೆಯಂತೂ ದೇಶವನ್ನೇ ಆವರಿಸಿತು. ೧೯೧೩ರಲ್ಲಿ ದಾದಾಸಾಹೇಬ ಫಾಳಕೆಯವರು ಮುಂಬಯಿಯಲ್ಲಿ ಭಾರತದ ಮೊದಲ ಪೂರ್ಣ ಚಲನಚಿತ್ರ ತೆಗೆದಾಗ ಆರಿಸಿಕೊಂಡದ್ದು ರಾಜಾ ಹರಿಶ್ಚಂದ್ರನನ್ನೇ. ೧೯೬೫ರಲ್ಲಿ ಕನ್ನಡದಲ್ಲಿ ರಾಜಕುಮಾರ್ ಅವರು ನಟಿಸಿದ ಸತ್ಯ ಹರಿಶ್ಚಂದ್ರ ಬಂದಾಗ ಹಳ್ಳಿಯ ಜನ ಬಂಡಿ ಕಟ್ಟಿಕೊಂಡು ನೋಡಹೋದದ್ದನ್ನು ಹಿರಿಯರು ನೆನೆಯುತ್ತಾರೆ. ೨೦೧೭ರಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಪ್ರಕಟಿಸಿತು. ಗುರುವಿನ ಪೆಟ್ಟು ತಿಂದ ಕಾವ್ಯ ಸಮುದ್ರ ದಾಟಿತು.

ಸೊಲ್ಲಾಪುರದ ಮಗಳು

ಸಿದ್ಧರಾಮರ ಕಥೆಯನ್ನು ಮತ್ತೊಮ್ಮೆ ಹೊಸದಾಗಿ ಹೇಳುವ ಎದೆಗಾರಿಕೆ ಕಳೆದ ಶತಮಾನದಲ್ಲಿ ನಮ್ಮ ಸೊಲ್ಲಾಪುರದಲ್ಲಿಯೇ ಕಾಣಿಸಿತು. ಜಯದೇವಿತಾಯಿ ಲಿಗಾಡೆಯವರು ೧೯೧೨ರಲ್ಲಿ ಈ ಊರಿನಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವಾಗಿ ಕಲಿತು, ಆ ಕನ್ನಡದಲ್ಲಿ ಸಿದ್ಧರಾಮರ ಪುರಾಣವನ್ನೇ ಬರೆಯಲು ಕೈ ಹಾಕಿದರು. ಅದಕ್ಕೆ ಅವರು ಆರಿಸಿಕೊಂಡದ್ದು ತ್ರಿಪದಿ. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುವ ಮೂರು ಸಾಲಿನ ಪದ್ಯವದು. ಬೀಸುಕಲ್ಲಿನ ಮುಂದಿನ ಹಾಡಿಗೆ ಪುರಾಣದ ಭಾರ ಹೊರಿಸಬಹುದೆಂದು ಅವರು ನಂಬಿದರು, ಹೊರಿಸಿ ತೋರಿಸಿದರು. ೧೯೭೪ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ನಮ್ಮ ಸೊಲ್ಲಾಪುರದವರೆಂಬುದು ನಮಗೆಲ್ಲ ಅಭಿಮಾನದ ವಿಷಯ. ೧೯೮೬ರಲ್ಲಿ ಅವರು ಲಿಂಗೈಕ್ಯರಾದರು. ರಾಘವಾಂಕನು ಷಟ್ಪದಿಯಲ್ಲಿ ಮಾಡಿದ್ದನ್ನು ತಾಯಿಯವರು ತ್ರಿಪದಿಯಲ್ಲಿ ಮಾಡಿದರು.

ನಮ್ಮ ಮುಂದಿನ ಪ್ರಶ್ನೆ

ಈಗ ಭಕ್ತರಲ್ಲಿ ನಮ್ಮದೊಂದು ಬಿನ್ನಹ. ಸೊಲ್ಲಾಪುರ, ಅಕ್ಕಲಕೋಟೆಯ ಅನೇಕ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಮಾತನಾಡುತ್ತಾಳೆ, ಮೊಮ್ಮಗ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾನೆ. ಎರಡೂ ಒಳ್ಳೆಯದೇ. ಆದರೆ ಅಜ್ಜಿಯ ಕಥೆ ಮೊಮ್ಮಗನಿಗೆ ದಾಟದಿದ್ದರೆ ನಷ್ಟ ಇಬ್ಬರಿಗೂ. ಇಂದಿನ ಹುಡುಗರು ಸಿದ್ಧರಾಮರ ಕಥೆಯನ್ನು ನಾಟಕ ಮಾಡಹೊರಟರೆ, ಚಿತ್ರ ಬರೆಯಹೊರಟರೆ, ತಮ್ಮ ಕಾಲದ ಮಾತಿನಲ್ಲಿ ಹೇಳಹೊರಟರೆ, ಹೀಗೆಲ್ಲ ಹೇಳಬಾರದೆಂದು ಹಿರಿಯರು ಗದರಿಸುವುದುಂಟು. ಗದರಿಸುವ ಮೊದಲು ರಾಘವಾಂಕನ ಹಲ್ಲುಗಳನ್ನು ನೆನೆಯಬೇಕು.

ಎಲ್ಲ ಹೊಸತೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಬೀಜ ಜಳ್ಳೋ ಗಟ್ಟಿಯೋ ಎಂದು ರೈತ ನೀರಿನಲ್ಲಿ ಹಾಕಿ ನೋಡುವಂತೆ ಹೊಸ ಕಥೆಯನ್ನೂ ನೋಡಬೇಕು. ರಾಘವಾಂಕನು ಹಳೆಯದನ್ನು ಪೂರ್ತಿ ಕಲಿತ ಮೇಲೆ ಹೊಸದಕ್ಕೆ ಕೈ ಹಾಕಿದನು. ಕಥೆಯ ತಿರುಳನ್ನು ಮಾರಿಕೊಳ್ಳಲಿಲ್ಲ. ಬೈದ ಹಿರಿಯನಿಗೆ ಬೆನ್ನು ತಿರುಗಿಸಲಿಲ್ಲ, ಬೈದರೆಂದು ತನ್ನ ಕಾವ್ಯವನ್ನೂ ಬಿಡಲಿಲ್ಲ. ಈ ಗುಣಗಳಿದ್ದ ಹುಡುಗನೋ ಹುಡುಗಿಯೋ ನಿಮ್ಮ ಮನೆಯಲ್ಲಿದ್ದರೆ ಅವರ ಕಥೆಯನ್ನು ಕೂತು ಕೇಳಿರಿ. ತಪ್ಪಿದ್ದರೆ ತಿದ್ದಿರಿ, ತಡೆಯಬೇಡಿರಿ.

ಬರುವ ಸಂಕ್ರಮಣಕ್ಕೆ ನಂದಿಧ್ವಜಗಳ ದರ್ಶನ ಮಾಡಿ ಮನೆಗೆ ಮರಳಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಮಲ್ಲಯ್ಯ ಹೊಲಕ್ಕೆ ಬಂದ ಕಥೆಯನ್ನು ಕನ್ನಡದಲ್ಲಿ ಹೇಳಿರಿ. ಅರ್ಧ ಹೇಳಿ ನಿಲ್ಲಿಸಿ, ಉಳಿದದ್ದನ್ನು ಅವರ ಬಾಯಿಂದ ಕೇಳಿರಿ. ಅವರು ಹೇಳುವುದು ನೀವು ಕೇಳಿದಂತೆಯೇ ಇರಲಿಕ್ಕಿಲ್ಲ. ಇರದಿದ್ದರೂ ಚಿಂತೆಯಿಲ್ಲ.